ಏಜ್ ಆಫ್ ಎಂಪೈರ್ಸ್: ಆಟ ಕೈಕೊಟ್ಟಾಗ ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಸಾಮ್ರಾಜ್ಯ ಕಟ್ಟಿ ಯುದ್ಧ ಮಾಡುವ ಕಂಪ್ಯೂಟರ್ ಆಟಗಳ ಸರಣಿ ಏಜ್ ಆಫ್ ಎಂಪೈರ್ಸ್. ಅದರ ಮೊದಲ ಆಟ ಹೊರಬಂದದ್ದು 1997ರಲ್ಲಿ. ನಾಲ್ಕನೆಯದು 2021ರ ಅಕ್ಟೋಬರ್ 28ರಂದು. ಈ ಅವಧಿಯಲ್ಲಿ ವಿಂಡೋಸ್ ಹಲವು ಸಲ ಮಗ್ಗುಲು ಬದಲಿಸಿತು, ಮೋಡೆಮ್ ಹೋಗಿ ವೈಫೈ ಬಂದಿತು, ಆಟವನ್ನು ಮೊದಲು ರೂಪಿಸಿದ ಎನ್ಸೆಂಬಲ್ ಸ್ಟುಡಿಯೋಸ್ ಸಂಸ್ಥೆ 2009ರಲ್ಲಿ ಬಾಗಿಲು ಮುಚ್ಚಿತು. ಆಟಗಾರರು ಮಾತ್ರ ಹಳೆಯದನ್ನು ಬಿಡದೆ ಹೊಸದನ್ನೂ ಸೇರಿಸಿಕೊಳ್ಳುತ್ತ ಬಂದಿದ್ದಾರೆ. ಹೀಗಾಗಿ ‘ಆಟ ನಡೆಯುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಕಾರಣಗಳು ಅಡಗಿರಬಹುದು. ಕಣ್ಣಿಗೆ ಬೀಳುವ ಲಕ್ಷಣದಿಂದ ಹೊರಟು, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ, ಆಮೇಲೆ ಕಷ್ಟದ ಪರೀಕ್ಷೆಗಳಿಗೆ ಹೋಗುವ ಕ್ರಮವನ್ನು ಇಲ್ಲಿ ಅನುಸರಿಸಲಾಗಿದೆ.

ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಹಗುರವಾಗುತ್ತದೆ. ಎಂಟು ಮಂದಿ ಕೂಡಿ ಆಡುವಾಗ ಯುದ್ಧವೆಲ್ಲ ಎಲ್ಲೋ ದೂರದ ಒಂದು ಯಂತ್ರದಲ್ಲಿ ನಡೆಯುತ್ತಿದೆ ಎಂದು ಅನ್ನಿಸುವುದು ಸಹಜ. ವಾಸ್ತವದಲ್ಲಿ ಎಂಟೂ ಕಂಪ್ಯೂಟರ್‌ಗಳು ಅದೇ ಯುದ್ಧವನ್ನು, ಮೊದಲಿನಿಂದ ಕೊನೆಯವರೆಗೆ, ತಾವೇ ಬೇರೆಬೇರೆಯಾಗಿ ಲೆಕ್ಕ ಹಾಕುತ್ತವೆ. ಅವುಗಳ ನಡುವೆ ಹರಿದಾಡುವುದು ‘ಈ ಬಿಲ್ಲುಗಾರರು ಅಲ್ಲಿಗೆ ಹೋಗಲಿ’ ಎಂಬಂಥ ಆಜ್ಞೆಗಳು ಮಾತ್ರ. ಮೊದಲ ಆಟದಲ್ಲಿ ಆರಂಭವಾದ ಈ ವ್ಯವಸ್ಥೆ ಎರಡನೆಯ ಆಟದ ಡೆಫಿನಿಟಿವ್ ಆವೃತ್ತಿಯಲ್ಲೂ ಉಳಿದಿದೆ. ನಿಧಾನಗತಿ, ಹೊಂದಾಣಿಕೆ ತಪ್ಪುವುದು, ಹಳೆಯ ಪಂದ್ಯದ ದಾಖಲೆ ಹಾಳಾಗುವುದು ಈ ಮೂರಕ್ಕೂ ಬೇರು ಇಲ್ಲೇ ಇದೆ.

ಕೈಹಾಕುವ ಮೊದಲು

ಯಾವ ಆವೃತ್ತಿಯೆಂದು ಖಚಿತಪಡಿಸಿಕೊಳ್ಳಿ. ‘ಏಜ್ ಆಫ್ ಎಂಪೈರ್ಸ್ ಎರಡು’ ಎಂದರೆ 1999ರ ಮೂಲ ಡಿಸ್ಕ್ ಆಗಿರಬಹುದು, 2013ರ ಎಚ್‌ಡಿ ಆವೃತ್ತಿ ಆಗಿರಬಹುದು, 2019ರ ಡೆಫಿನಿಟಿವ್ ಆವೃತ್ತಿಯೂ ಆಗಿರಬಹುದು. ಈ ಮೂರರಲ್ಲಿ ಒಂದರ ಪರಿಹಾರ ಇನ್ನೊಂದಕ್ಕೆ ನಡೆಯುವುದಿಲ್ಲ, ಕೆಲವು ಸಲ ಇದ್ದದ್ದನ್ನೂ ಕೆಡಿಸುತ್ತದೆ.

ಎರಡನೆಯದಾಗಿ, ಉಳಿಸಿಟ್ಟ ಆಟಗಳ ಪ್ರತಿಯನ್ನು ಬೇರೆಡೆ ತೆಗೆದಿಡಿ. ಎರಡನೆಯ ಆಟದ ಡೆಫಿನಿಟಿವ್ ಆವೃತ್ತಿ ಅವನ್ನು ವಿಂಡೋಸ್ ಬಳಕೆದಾರರ ಫೋಲ್ಡರ್‌ನಲ್ಲಿರುವ ‘ಗೇಮ್ಸ್’ ಎಂಬುದರೊಳಗೆ, ಆಟದ ಹೆಸರಿನ ಫೋಲ್ಡರ್‌ನಲ್ಲಿ, ಉದ್ದನೆಯ ಸಂಖ್ಯೆಯೇ ಹೆಸರಾಗಿರುವ ಒಳಫೋಲ್ಡರ್‌ನ ‘ಸೇವ್‌ಗೇಮ್’ ವಿಭಾಗದಲ್ಲಿ ಇಡುತ್ತದೆ. ನಾಲ್ಕನೆಯ ಆಟ ‘ಡಾಕ್ಯುಮೆಂಟ್ಸ್’ ಒಳಗಿನ ‘ಮೈ ಗೇಮ್ಸ್’ ಅನ್ನು ಬಳಸುತ್ತದೆ. ಆಟವನ್ನು ತೆಗೆದುಹಾಕಿ ಮತ್ತೆ ಹಾಕುವುದೇ ಮೊದಲ ಮದ್ದು ಎಂದು ಹೇಳುವವರು ಬಹಳ ಮಂದಿ ಇದ್ದಾರೆ. 30 ಗಿಗಾಬೈಟ್‌ಗೂ ಮಿಕ್ಕಿದ ಆಟವನ್ನು ಮತ್ತೆ ಇಳಿಸಿಕೊಂಡ ಮೇಲೂ ದೋಷ ಅಲ್ಲೇ ಇರುವುದು ಸಾಮಾನ್ಯ, ಏಕೆಂದರೆ ಮಾಡ್‌ಗಳು (ಆಟವನ್ನು ಬದಲಿಸಲು ಆಟಗಾರರು ಸೇರಿಸಿಕೊಳ್ಳುವ ಹೆಚ್ಚುವರಿ ಫೈಲ್‌ಗಳು) ಮತ್ತು ಸೆಟ್ಟಿಂಗ್‌ಗಳು ಆಟದ ಜೊತೆ ಅಳಿಯದೆ ಬಳಕೆದಾರರ ಫೋಲ್ಡರ್‌ನಲ್ಲೇ ಉಳಿದಿರುತ್ತವೆ. ಅದು ಕೊನೆಯ ಮದ್ದಾಗಿರಲಿ.

ಲಕ್ಷಣ: ಹೊಸ ಆವೃತ್ತಿ ತೆರೆಯುವುದೇ ಇಲ್ಲ, ಅಥವಾ ಕ್ಷಣಕಾಲ ಕಾಣಿಸಿ ಮಾಯವಾಗುತ್ತದೆ

ಕಂಪ್ಯೂಟರನ್ನು ಒಮ್ಮೆ ಪೂರ್ತಿ ಮರುಪ್ರಾರಂಭಿಸಿ. ವಿಂಡೋಸ್ ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ ಮುಗಿಯಲು ಬಿಡಿ. ಡಿಸ್ಕ್‌ನಲ್ಲಿ ಖಾಲಿ ಜಾಗವಿದೆಯೇ ನೋಡಿ. ಈ ಮೂರು ಕೆಲಸ ಹತ್ತು ನಿಮಿಷದೊಳಗೆ ಮುಗಿಯುತ್ತವೆ, ಆದರೂ ಹೆಚ್ಚಿನವರು ಇವನ್ನು ಬಿಟ್ಟು ನೇರವಾಗಿ ಡ್ರೈವರ್‌ಗಳ (ಯಂತ್ರದ ಭಾಗಗಳನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶಗಳ) ಬೆನ್ನು ಹತ್ತುತ್ತಾರೆ.

ಮುಂದಿನದು ಫೈಲ್‌ಗಳ ತಪಾಸಣೆ. ಆಟಗಳನ್ನು ಮಾರುವ ಸ್ಟೀಮ್ ತಂತ್ರಾಂಶದಲ್ಲಿ ಕೊಂಡಿದ್ದರೆ ಆಟದ ಪ್ರಾಪರ್ಟೀಸ್ ಪುಟದೊಳಗೆ, ಎಕ್ಸ್‌ಬಾಕ್ಸ್ ಆ್ಯಪ್‌ನಲ್ಲಿ ಆಟದ ನಿರ್ವಹಣೆಯ ಪುಟದೊಳಗೆ ಇದಕ್ಕೆ ಅವಕಾಶವಿದೆ. ಇಲ್ಲಿ ಬರುವ ಫಲಿತಾಂಶವನ್ನು ಓದಿಕೊಳ್ಳುವುದು ಮುಖ್ಯ. ಒಂದೆರಡು ಫೈಲ್ ಕೆಟ್ಟಿದ್ದು, ಸರಿಪಡಿಸಿದ ಮೇಲೆ ಆಟ ತೆರೆದುಕೊಂಡರೆ, ಇಳಿಸಿಕೊಳ್ಳುವಾಗ ಆದ ಸಣ್ಣ ತೊಂದರೆ ಎಂದು ಬಿಟ್ಟುಬಿಡಬಹುದು. ಪ್ರತಿ ಸಲ ತಪಾಸಣೆ ಮಾಡಿದಾಗಲೂ ಅದೇ ಫೈಲ್ ಕಾಣೆಯಾಗಿದ್ದರೆ ವೈರಸ್ ನಿರೋಧಕ ತಂತ್ರಾಂಶ ಅದನ್ನು ಎತ್ತಿಕೊಂಡು ಹೋಗುತ್ತಿದೆ. ಪ್ರತಿ ಸಲವೂ ಬೇರೆಬೇರೆ ಫೈಲ್‌ಗಳು ಕೆಟ್ಟಿರುವಂತೆ ತೋರಿದರೆ ಅಲ್ಲಿಗೆ ನಿಲ್ಲಿಸಿ: ಅದು ಡಿಸ್ಕ್ ಅಥವಾ ಮೆಮೊರಿ ಸಾಯುತ್ತಿರುವ ಸೂಚನೆ. ಆಗ ಆಟವನ್ನು ಮರೆತು, ಕಂಪ್ಯೂಟರ್‌ನಲ್ಲಿರುವ ಮುಖ್ಯ ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕ್‌ಗೆ ತೆಗೆದಿಡುವುದೇ ಮೊದಲ ಕೆಲಸವಾಗಬೇಕು.

ಯಾವ ಸಂದೇಶವನ್ನೂ ತೋರಿಸದೆ ಆಟ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿದ್ದರೆ ವಿಂಡೋಸ್ ಸೆಕ್ಯುರಿಟಿಯ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಸೌಲಭ್ಯವನ್ನು ಶಂಕಿಸಬೇಕು. ಅಪರಿಚಿತ ತಂತ್ರಾಂಶಗಳು ನಿಮ್ಮ ಕಡತಗಳ ಮೇಲೆ ಬರೆಯದಂತೆ ಅದು ಕಾಯುತ್ತದೆ. ಆಟವೂ ಅದರ ಕಣ್ಣಿಗೆ ಅಪರಿಚಿತವೇ. ತನ್ನ ಸೆಟ್ಟಿಂಗ್ ಬರೆದುಕೊಳ್ಳಲು ಜಾಗ ಸಿಗದ ಆಟ ಅಲ್ಲೇ ನಿಂತುಬಿಡುತ್ತದೆ, ನಾಲ್ಕನೆಯ ಆಟದಲ್ಲಿ ಇದು ಹೆಚ್ಚು. ಆ ಸೌಲಭ್ಯವನ್ನು ಪೂರ್ತಿ ಆರಿಸಬೇಡಿ, ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿಗೆ ಆಟವನ್ನು ಸೇರಿಸಿದರೆ ಸಾಕು. ‘ಡಾಕ್ಯುಮೆಂಟ್ಸ್’ ಫೋಲ್ಡರನ್ನು ಒನ್‌ಡ್ರೈವ್ ನೋಡಿಕೊಳ್ಳುತ್ತಿದ್ದರೂ ಇದೇ ಬಗೆಯ ತೊಡಕು ಬರಬಹುದು. ಸಿಂಕ್ ಅನ್ನು ಸ್ವಲ್ಪ ಹೊತ್ತು ತಡೆಹಿಡಿದು ಆಟ ತೆರೆದು ನೋಡಿದರೆ ಗೊತ್ತಾಗುತ್ತದೆ.

ಮಾಡ್ ಹಾಕಿಕೊಂಡಿರುವವರು ಮಾಡ್‌ಗಳ ಫೋಲ್ಡರ್‌ಗೆ ತಾತ್ಕಾಲಿಕವಾಗಿ ಬೇರೆ ಹೆಸರು ಕೊಟ್ಟು ಆಟ ತೆರೆಯಲಿ. ತೆರೆದುಕೊಂಡರೆ ಕಳ್ಳ ಅಲ್ಲೇ ಇದ್ದಾನೆ; ಅರ್ಧದಷ್ಟು ಮಾಡ್‌ಗಳನ್ನು ಮರಳಿ ತಂದು ನೋಡಿ, ತೊಂದರೆ ಇರುವ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋದರೆ ನಲವತ್ತು ಮಾಡ್‌ಗಳಿದ್ದರೂ ಐದಾರು ಪ್ರಯತ್ನದಲ್ಲಿ ಸಿಗುತ್ತಾನೆ.

ಇಷ್ಟಾದ ಮೇಲೆ ಗ್ರಾಫಿಕ್ಸ್ ಡ್ರೈವರ್. ಅದನ್ನು ಕಾರ್ಡ್ ಅಥವಾ ಲ್ಯಾಪ್‌ಟಾಪ್ ತಯಾರಕರ ತಾಣದಿಂದಲೇ ತೆಗೆದುಕೊಳ್ಳಬೇಕು. ‘ಎಲ್ಲ ಡ್ರೈವರ್‌ಗಳನ್ನೂ ಒಮ್ಮೆಗೇ ನವೀಕರಿಸುತ್ತೇವೆ’ ಎನ್ನುವ ತಂತ್ರಾಂಶಗಳ ಸಹವಾಸ ಬೇಡ. ನಾಲ್ಕನೆಯ ಆಟಕ್ಕೆ ಡೈರೆಕ್ಟ್‌ಎಕ್ಸ್ 12, ಕನಿಷ್ಠ 8 ಗಿಗಾಬೈಟ್ ರ‍್ಯಾಮ್, 50 ಗಿಗಾಬೈಟ್ ಜಾಗ ಬೇಕು. ಕಂಪ್ಯೂಟರ್ ಇದಕ್ಕಿಂತ ಕೆಳಗಿದ್ದರೆ ದೋಷ ಹುಡುಕುವುದರಲ್ಲಿ ಅರ್ಥವಿಲ್ಲ.

ಲಕ್ಷಣ: ಹಳೆಯ ಡಿಸ್ಕ್ ಹಾಕಿದರೆ ಏನೂ ಆಗುವುದಿಲ್ಲ

1997ರ, 1999ರ ಆಟಗಳನ್ನು ಹೊಸ ವಿಂಡೋಸ್‌ನಲ್ಲಿ ತೆರೆದಾಗ ‘ಡೈರೆಕ್ಟ್‌ಪ್ಲೇ’ ಬೇಕೆಂದು ಒಂದು ಕಿಟಕಿ ಕೇಳಬಹುದು. ಇದು ಆ ಕಾಲದ ಜಾಲ ಆಟಗಳ ಒಂದು ಘಟಕ. ವಿಂಡೋಸ್ 10ರಲ್ಲಿ ಇದೆ, ಆದರೆ ಮಲಗಿದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಂಡೋಸ್ ಸೌಲಭ್ಯಗಳ ಪಟ್ಟಿ ತೆರೆದು, ‘ಲೆಗಸಿ ಕಾಂಪೊನೆಂಟ್ಸ್’ ಅಡಿಯಲ್ಲಿ ಅದಕ್ಕೆ ಗುರುತು ಹಾಕಿದರೆ ಎಚ್ಚರವಾಗುತ್ತದೆ. ಖರ್ಚಿಲ್ಲ, ಅಪಾಯವಿಲ್ಲ.

ಡೈರೆಕ್ಟ್‌ಪ್ಲೇ ಇದ್ದೂ ಆಟ ಏಳದಿದ್ದರೆ ಬಹುಶಃ ಡಿಸ್ಕ್‌ನ ನಕಲು ತಡೆಯೇ ಅಡ್ಡ ಬಂದಿರುತ್ತದೆ. ಆ ಕಾಲದ ಹಲವು ಆಟಗಳ ಡಿಸ್ಕ್‌ಗಳಲ್ಲಿ ಸೇಫ್‌ಡಿಸ್ಕ್ ಎಂಬ ರಕ್ಷಣೆ ಇತ್ತು; ಅದರ ಡ್ರೈವರ್‌ನಲ್ಲಿ ಭದ್ರತೆಯ ಲೋಪಗಳಿದ್ದವು. 2015ರಲ್ಲಿ ಬಂದ ವಿಂಡೋಸ್ 10 ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನ ಅಪ್‌ಡೇಟ್ ಒಂದು ಹಿಂದಿನ ವಿಂಡೋಸ್‌ಗಳಲ್ಲೂ ಅದನ್ನು ನಿಲ್ಲಿಸಿತು. ಹಾಗಾಗಿ ನಿಮ್ಮ ಡಿಸ್ಕ್‌ನ ಮೇಲೆ ಒಂದು ಗೆರೆಯೂ ಇರದಿದ್ದರೂ ಆಟ ತೆರೆಯದಿರಬಹುದು.

ಇಲ್ಲೊಂದು ಗಟ್ಟಿ ಎಚ್ಚರಿಕೆ ಅಗತ್ಯ. ಡಿಸ್ಕ್ ಇಲ್ಲದೆ ಆಡಲು ಬಿಡುವ ‘ಕ್ರ್ಯಾಕ್’ ಫೈಲ್‌ಗಳು ಹುಡುಕಿದಲ್ಲೆಲ್ಲ ಸಿಗುತ್ತವೆ. ಆಡಳಿತಗಾರನ ಅನುಮತಿ ಕೇಳುವ, ಯಾರು ಬರೆದರೆಂದು ತಿಳಿಯದ ಅಂಥ ಫೈಲನ್ನು ಬ್ಯಾಂಕ್ ವ್ಯವಹಾರವೂ ನಡೆಯುವ ಕಂಪ್ಯೂಟರ್‌ನಲ್ಲಿ ಓಡಿಸುವುದು ಕೋಟೆಯ ಬಾಗಿಲನ್ನು ಒಳಗಿನಿಂದಲೇ ತೆರೆದುಕೊಟ್ಟಂತೆ. ಆ ಹಳೆಯ ಡ್ರೈವರನ್ನು ಬಲವಂತವಾಗಿ ಮರಳಿ ಹಾಕುವ ಉಪಾಯಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹಳೆಯ ಆಟವೇ ಬೇಕೆನ್ನುವವರು ಹಳೆಯ ವಿಂಡೋಸ್ ಇರುವ, ಜಾಲ ಸಂಪರ್ಕವಿಲ್ಲದ ಬೇರೆ ಯಂತ್ರವೊಂದನ್ನು ಅದಕ್ಕೆಂದೇ ಇಟ್ಟುಕೊಳ್ಳುವುದು ಮೇಲು.

ಲಕ್ಷಣ: ಹುಲ್ಲು ಕೆಂಪಾಗಿದೆ, ನೀರು ನೇರಳೆಯಾಗಿದೆ

ಮೊದಲೆರಡು ಆಟಗಳ ಮೂಲ ಆವೃತ್ತಿಗಳಲ್ಲಿ, ಅದರಲ್ಲೂ ವಿಂಡೋಸ್ ವಿಸ್ಟಾ ಮತ್ತು 7ರಲ್ಲಿ, ಇದನ್ನು ನೋಡಿದವರು ಗ್ರಾಫಿಕ್ಸ್ ಕಾರ್ಡ್ ಸುಟ್ಟಿತೆಂದು ಗಾಬರಿಯಾಗುತ್ತಾರೆ. ಕಾರ್ಡ್‌ಗೆ ಏನೂ ಆಗಿರುವುದಿಲ್ಲ. ಆ ಆಟಗಳು ಒಮ್ಮೆಗೆ 256 ಬಣ್ಣಗಳ ಒಂದು ಪಟ್ಟಿಯನ್ನು ಮಾತ್ರ ಬಳಸುತ್ತಿದ್ದವು. ಚಿತ್ರದ ಪ್ರತಿ ಚುಕ್ಕೆಯಲ್ಲೂ ಬಣ್ಣದ ಬದಲು ಆ ಪಟ್ಟಿಯ ಕ್ರಮಸಂಖ್ಯೆ ಇರುತ್ತಿತ್ತು. ವಿಂಡೋಸ್‌ನ ಎಕ್ಸ್‌ಪ್ಲೋರರ್ ನಡುವೆ ತಲೆಹಾಕಿ ಪಟ್ಟಿಯ ಕೆಲವು ಮನೆಗಳಲ್ಲಿ ತನ್ನ ಬಣ್ಣಗಳನ್ನು ತುಂಬಿಬಿಟ್ಟರೆ, ಸಂಖ್ಯೆ ಸರಿಯಿದ್ದರೂ ಬಣ್ಣ ಬೇರೆಯಾಗುತ್ತದೆ. ಚಿತ್ರದ ಆಕಾರ ಸ್ಪಷ್ಟವಾಗಿದ್ದು ಬಣ್ಣ ಮಾತ್ರ ಅದಲುಬದಲಾಗಿರುವುದೇ ಇದರ ಗುರುತು.

ಆಟದ ಐಕಾನ್‌ನ ಹೊಂದಾಣಿಕೆ ಪುಟದಲ್ಲಿ 256 ಬಣ್ಣಗಳ ಕ್ರಮಕ್ಕೆ ಗುರುತು ಹಾಕಿ ನೋಡಿ. ಸಾಲದಿದ್ದರೆ ಆಟ ತೆರೆಯುವ ಮೊದಲು ಟಾಸ್ಕ್ ಮ್ಯಾನೇಜರ್‌ನಿಂದ ಎಕ್ಸ್‌ಪ್ಲೋರರನ್ನು ಮುಚ್ಚಿ, ಆಟ ಮುಗಿದ ಮೇಲೆ ಅಲ್ಲಿಂದಲೇ ಮತ್ತೆ ಓಡಿಸಬಹುದು; ಮುಚ್ಚಿದಾಗ ಟಾಸ್ಕ್‌ಬಾರ್ ಮಾಯವಾಗುವುದು ಸಹಜ. ಬಣ್ಣದ ಜೊತೆ ಆಕಾರವೂ ಚೂರುಚೂರಾಗಿ ಒಡೆದು ಕಂಡರೆ, ಅಥವಾ ಬೇರೆ ಆಟಗಳಲ್ಲೂ ಇದೇ ಕಾಣಿಸಿದರೆ, ಆಗ ಕಾರ್ಡನ್ನು ಶಂಕಿಸಬೇಕು.

ಲಕ್ಷಣ: ಆಟ ಮಾತು ಕೇಳುತ್ತಿಲ್ಲ, ಆದರೆ ಉಳಿದೆಲ್ಲ ಸರಿಯಿದೆ

ಹೊಸಬರು ದೋಷವೆಂದು ತರುವ ದೂರುಗಳಲ್ಲಿ ಕೆಲವು ಆಟದ ನಿಯಮಗಳೇ ಆಗಿರುತ್ತವೆ. ಎರಡನೆಯ ಆಟದಲ್ಲಿ ಸಾಮಗ್ರಿ ಸಾಕಷ್ಟಿದ್ದೂ ಮುಂದಿನ ಯುಗಕ್ಕೆ ಹೋಗುವ ಗುಂಡಿ ಮಂಕಾಗಿದ್ದರೆ ಈಗಿನ ಯುಗದ ಎರಡು ಕಟ್ಟಡಗಳು ಇನ್ನೂ ಆಗಿಲ್ಲವೆಂದು ಅರ್ಥ. ಸೈನಿಕರು ಹುಟ್ಟುತ್ತಿಲ್ಲವಾದರೆ ಮನೆಗಳು ಸಾಲುತ್ತಿಲ್ಲ, ಇಲ್ಲವೇ ಜನಸಂಖ್ಯೆಯ ಮಿತಿ ಮುಟ್ಟಿದೆ. ಮೊದಲ ಆಟದ ಮೂಲ ಆವೃತ್ತಿಯಲ್ಲಿ ಒಬ್ಬರೇ ಆಡುವಾಗ ಆ ಮಿತಿ 50 ಮಾತ್ರ. ಆ ಆಟದ ಗೋಡೆಗೆ ಬಾಗಿಲೇ ಇಲ್ಲ, ಏಕೆಂದರೆ ಬಾಗಿಲು ಬಂದದ್ದು ಎರಡನೆಯ ಆಟದಲ್ಲಿ. ತನ್ನ ಕೋಟೆಯೊಳಗೆ ತನ್ನದೇ ದಂಡನ್ನು ಕೂಡಿಹಾಕಿಕೊಂಡು ‘ಸೈನಿಕರು ಚಲಿಸುತ್ತಿಲ್ಲ’ ಎಂದವರನ್ನು ನಾನು ಕಂಡಿದ್ದೇನೆ, ನಾನೂ ಅವರಲ್ಲೊಬ್ಬ.

ಲಕ್ಷಣ: ಒಬ್ಬರೇ ಆಡುವಾಗಲೂ ಆಟ ಎಳೆಯುತ್ತದೆ

‘ನಿಧಾನ’ ಎಂಬ ಮಾತಿನೊಳಗೆ ಎರಡು ಬೇರೆ ರೋಗಗಳಿವೆ, ಮತ್ತು ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟು ಹಣ ಕಳೆದುಕೊಂಡವರು ಬಹಳ. ಚಿತ್ರ ಬಿಡಿಸುವುದರಲ್ಲಿ ತಡವಾದರೆ ಅದು ಗ್ರಾಫಿಕ್ಸ್ ಕಾರ್ಡ್‌ನ ಪಾಲು. ಯುದ್ಧದ ಲೆಕ್ಕ ಹಾಕುವುದರಲ್ಲಿ ತಡವಾದರೆ ಅದು ಪ್ರೊಸೆಸರ್‌ನ ಪಾಲು. ಇವೆರಡನ್ನು ಬೇರ್ಪಡಿಸಲು ಒಂದು ಮೊಬೈಲ್ ಸ್ಟಾಪ್‌ವಾಚ್ ಸಾಕು.

ಎರಡನೆಯ ಆಟದ ಡೆಫಿನಿಟಿವ್ ಆವೃತ್ತಿಯಲ್ಲಿ ‘ನಾರ್ಮಲ್’ ವೇಗವೆಂದರೆ 1.7. ಅಂದರೆ ಹೊರಗಿನ 60 ಸೆಕೆಂಡ್ ಕಳೆಯುವಷ್ಟರಲ್ಲಿ ಆಟದೊಳಗಿನ ಗಡಿಯಾರ 102 ಸೆಕೆಂಡ್ ಮುಂದೆ ಹೋಗಿರಬೇಕು. ಎಫ್11 ಒತ್ತಿದರೆ ಆ ಗಡಿಯಾರ ಕಾಣಿಸುತ್ತದೆ. ದೊಡ್ಡ ಯುದ್ಧ ನಡೆಯುತ್ತಿರುವಾಗ, ನೋಟವನ್ನು ನಕಾಶೆಯ ಯಾವುದಾದರೂ ಖಾಲಿ ಮೂಲೆಗೆ ಒಯ್ದು, ಒಂದು ನಿಮಿಷ ಅಳೆಯಿರಿ. ಖಾಲಿ ಮೂಲೆ ನೋಡುತ್ತಿರುವಾಗಲೂ ಗಡಿಯಾರ 102ರ ಬದಲು 75 ಅಥವಾ 80ರಲ್ಲಿ ಇದ್ದರೆ ಪ್ರೊಸೆಸರ್ ಲೆಕ್ಕದಲ್ಲಿ ಹಿಂದೆ ಬಿದ್ದಿದೆ ಎಂದು ಬಹುಮಟ್ಟಿಗೆ ನಿರ್ಧರಿಸಬಹುದು. ಗಡಿಯಾರ ಸರಿಯಾಗಿ ಓಡುತ್ತಿದ್ದು, ಯುದ್ಧದ ಕಡೆ ನೋಟ ತಿರುಗಿಸಿದಾಗ ಮಾತ್ರ ಚಿತ್ರ ತಡವರಿಸಿದರೆ ಗ್ರಾಫಿಕ್ಸ್ ಕಡೆ ಗಮನ ಕೊಡಿ.

ಗ್ರಾಫಿಕ್ಸ್ ಪಾಲಿನ ದೋಷಕ್ಕೆ ಸುಲಭದ ಪರಿಹಾರಗಳಿವೆ. ಹೆಚ್ಚಿನ ಸ್ಪಷ್ಟತೆಯ ಚಿತ್ರಗಳ ಉಚಿತ ಪ್ಯಾಕ್ ಹಾಕಿಕೊಂಡಿದ್ದರೆ ತೆಗೆದುಹಾಕಿ. ಕಾರ್ಡ್‌ನ ಮೆಮೊರಿ ಚಿಕ್ಕದಾಗಿದ್ದಾಗ ಅದು ದೊಡ್ಡ ಹೊರೆ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಕೆಲವು ಸಲ ದುರ್ಬಲ ಚಿಪ್‌ಗೆ ಆಟವನ್ನು ಒಪ್ಪಿಸಿರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನ ಗ್ರಾಫಿಕ್ಸ್ ಪುಟದಲ್ಲಿ ಆಟಕ್ಕೆ ಹೆಚ್ಚಿನ ಸಾಮರ್ಥ್ಯದ ಚಿಪ್ ಆರಿಸಿ. ಚಾರ್ಜರ್ ಹಾಕದೆ ಬ್ಯಾಟರಿಯಲ್ಲಿ ಆಡುತ್ತಿದ್ದರೆ ಚಾರ್ಜರ್ ಹಾಕಿ. ಎಷ್ಟೋ ‘ದೋಷ’ಗಳು ಇಲ್ಲಿಗೇ ಮುಗಿದಿವೆ.

ಪ್ರೊಸೆಸರ್ ಪಾಲಿನದು ಅಷ್ಟು ಸುಲಭವಲ್ಲ. ಪ್ರತಿ ಸೈನಿಕನೂ ಪ್ರತಿ ಹಳ್ಳಿಗನೂ ತಾನು ಹೋಗುವ ದಾರಿಯನ್ನು ಅಡ್ಡಿಗಳ ನಡುವೆ ಹುಡುಕಿಕೊಳ್ಳಬೇಕು. ಎಂಟು ಸಾಮ್ರಾಜ್ಯಗಳು ತಲಾ 200 ಮಂದಿಯನ್ನು ಕಟ್ಟಿದರೆ 1600 ಜೀವಗಳ ದಾರಿಯನ್ನು ಒಂದೇ ಯಂತ್ರ ಲೆಕ್ಕ ಹಾಕುತ್ತದೆ. ಡೆಫಿನಿಟಿವ್ ಆವೃತ್ತಿ ತಲಾ 500ರವರೆಗೆ ಅವಕಾಶ ಕೊಡುತ್ತದೆ, ಆದರೆ ಕೊಟ್ಟಿತೆಂದು ತೆಗೆದುಕೊಳ್ಳಲೇಬೇಕೆಂದಿಲ್ಲ. ಗ್ರಾಫಿಕ್ಸ್ ಗುಣಮಟ್ಟ ಇಳಿಸುವುದರಿಂದ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ. ಜನಸಂಖ್ಯೆಯ ಮಿತಿ, ಕಂಪ್ಯೂಟರ್ ಎದುರಾಳಿಗಳ ಸಂಖ್ಯೆ, ನಕಾಶೆಯ ಗಾತ್ರ ಈ ಮೂರನ್ನು ಇಳಿಸಿದರೆ ಫಲ ಕಾಣುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ, ದಂಡು ಚಿಕ್ಕದಿದ್ದರೂ, ನಿಧಾನವಾಗುತ್ತಿದ್ದರೆ ಕಾರಣ ಬಿಸಿ. ಲ್ಯಾಪ್‌ಟಾಪನ್ನು ಹಾಸಿಗೆಯಿಂದ ಎತ್ತಿ ಗಟ್ಟಿ ಮೇಜಿನ ಮೇಲಿಡಿ, ಗಾಳಿಕಿಂಡಿಗಳ ಧೂಳನ್ನು ಯಂತ್ರ ಪೂರ್ತಿ ಆರಿಸಿದ ಮೇಲೆ ತೆಗೆಯಿರಿ.

ಲಕ್ಷಣ: ಕೂಡಿ ಆಡುವಾಗ ಮಾತ್ರ ನಿಧಾನ, ಅಥವಾ ಆಜ್ಞೆ ತಡವಾಗಿ ನಡೆಯುತ್ತದೆ

ಎಲ್ಲ ಯಂತ್ರಗಳೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕಾದ್ದರಿಂದ ಗುಂಪಿನಲ್ಲಿ ಅತಿ ನಿಧಾನವಾದ ಯಂತ್ರದ ವೇಗವೇ ಎಲ್ಲರ ವೇಗ. ನಿಮ್ಮ ಕಂಪ್ಯೂಟರ್ ಎಷ್ಟೇ ಹೊಸದಾಗಿದ್ದರೂ ಏಳನೆಯವನ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಟ್ಟರೆ ನೀವೂ ಕಾಯಬೇಕು. ಎಲ್ಲರೂ ಒಂದೇ ಹೊತ್ತಿಗೆ ಮೇಲಿನ ಗಡಿಯಾರದ ಪರೀಕ್ಷೆಯನ್ನು ಒಬ್ಬರೇ ಆಡುವ ಆಟದಲ್ಲಿ ಮಾಡಿ, ಅಂಕಿಗಳನ್ನು ಹೋಲಿಸಿದರೆ ಯಾರ ಯಂತ್ರವೆಂದು ಯಾರನ್ನೂ ನೋಯಿಸದೆ ತಿಳಿಯುತ್ತದೆ. ನಮ್ಮ ಗುಂಪಿನಲ್ಲಿ ಈ ಲೆಕ್ಕ ತೆಗೆಯುವವರೆಗೆ ಪ್ರತಿಯೊಬ್ಬರೂ ಇನ್ನೊಬ್ಬರ ಇಂಟರ್‌ನೆಟ್ ಮೇಲೆ ತಪ್ಪು ಹೊರಿಸುತ್ತಿದ್ದೆವು.

ಗಡಿಯಾರ ಸರಿಯಿದ್ದು ಆಜ್ಞೆ ಮಾತ್ರ ತಡವಾದರೆ ಜಾಲ ಸಂಪರ್ಕವನ್ನು ನೋಡಬೇಕು. ಮೊದಲ ಆಟದ ಜಾಲ ವ್ಯವಸ್ಥೆಯನ್ನು ಬರೆದ ಎಂಜಿನಿಯರ್‌ಗಳಾದ ಪಾಲ್ ಬೆಟ್ನರ್ ಮತ್ತು ಮಾರ್ಕ್ ಟೆರಾನೊ 2001ರಲ್ಲಿ ವಿವರಿಸಿರುವಂತೆ, ಆಜ್ಞೆ ಕೊಟ್ಟ ಕೂಡಲೇ ನಡೆಯದೆ ಎರಡು ಸರದಿಗಳ (ಆಟ ತನ್ನ ಲೆಕ್ಕಕ್ಕಾಗಿ ಕಾಲವನ್ನು ತುಂಡರಿಸಿಕೊಳ್ಳುವ ಸಣ್ಣ ಅವಧಿಗಳ) ನಂತರ ಎಲ್ಲ ಯಂತ್ರಗಳಲ್ಲೂ ಒಮ್ಮೆಗೇ ನಡೆಯುವಂತೆ ಅದನ್ನು ರೂಪಿಸಲಾಗಿತ್ತು, 28.8 ಕಿಲೋಬಿಟ್‌ನ ಮೋಡೆಮ್‌ನಲ್ಲೂ ನಡೆಯಬೇಕೆಂಬುದು ಗುರಿಯಾಗಿತ್ತು. 250 ಮಿಲಿಸೆಕೆಂಡ್ ತಡವಾದರೆ ಆಟಗಾರರಿಗೆ ಗೊತ್ತೇ ಆಗುತ್ತಿರಲಿಲ್ಲ, 500ರವರೆಗೆ ಆಡಲು ಅಡ್ಡಿಯಿರಲಿಲ್ಲ. ಆದರೆ ಒಮ್ಮೆ ಬೇಗ ಒಮ್ಮೆ ತಡ ಎಂಬ ಏರುಪೇರು ಮಾತ್ರ ಯಾರಿಗೂ ಸಹಿಸಲಾಗುತ್ತಿರಲಿಲ್ಲ. ಇಂದಿಗೂ ಹುಡುಕಬೇಕಾದದ್ದು ಆ ಏರುಪೇರನ್ನೇ.

ಆದ್ದರಿಂದ ಇಂಟರ್‌ನೆಟ್ ವೇಗದ ಪರೀಕ್ಷೆ ಮಾಡಿ ದೊಡ್ಡ ಅಂಕಿ ಕಂಡು ಸಮಾಧಾನಪಟ್ಟುಕೊಳ್ಳಬೇಡಿ. ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತನ್ನು ಅಳೆಯುವ ‘ಪಿಂಗ್’ ಆಜ್ಞೆಯನ್ನು ನಿಮ್ಮ ರೂಟರ್‌ನ ವಿಳಾಸಕ್ಕೆ ಎರಡು ನಿಮಿಷ ಓಡಿಸಿ. ಉತ್ತರಗಳು ಒಂದೆರಡು ಮಿಲಿಸೆಕೆಂಡ್‌ನಲ್ಲಿ ಸಮನಾಗಿ ಬಂದರೆ ಮನೆಯೊಳಗಿನ ಸಂಪರ್ಕ ಚೆನ್ನಾಗಿದೆ. ನಡುನಡುವೆ ಒಂದು ಉತ್ತರ 200, 300ಕ್ಕೆ ಜಿಗಿದರೆ ವೈಫೈ ದೋಷಿ. ಕೇಬಲ್ ಹಾಕಿ ಮತ್ತೆ ಅಳೆಯಿರಿ. ಕೇಬಲ್‌ನಲ್ಲೂ ಜಿಗಿತ ಕಂಡರೆ ರೂಟರ್, ರೂಟರ್‌ವರೆಗೆ ಸರಿಯಿದ್ದು ಅದರಾಚೆ ಕೆಟ್ಟರೆ ಸೇವೆ ಕೊಡುವವರು. ಹಿನ್ನೆಲೆಯಲ್ಲಿ ಕಡತ ಏರಿಸುತ್ತಿರುವ ಮೊಬೈಲ್ ಅಥವಾ ಕ್ಲೌಡ್ ಬ್ಯಾಕಪ್ ಇದೆಯೇ ಎಂಬುದನ್ನು ಮಾತ್ರ ಎಲ್ಲಕ್ಕಿಂತ ಮೊದಲೇ ನೋಡಿಬಿಡಿ.

ಮೂಲ ಡಿಸ್ಕ್‌ನ ಆಟಗಳನ್ನು ಜಾಲದಲ್ಲಿ ಆಡುವವರಿಗೆ ಬೇರೆಯದೇ ತೊಡಕು. ಡೈರೆಕ್ಟ್‌ಪ್ಲೇಗೆ 47624 ಮತ್ತು 2300ರಿಂದ 2400ರವರೆಗಿನ ಪೋರ್ಟ್‌ಗಳು, ಅಂದರೆ ಜಾಲ ಸಂಪರ್ಕದ ಸಂಖ್ಯೆ ಹಾಕಿದ ಬಾಗಿಲುಗಳು, ಬೇಕು. ಫೈರ್‌ವಾಲ್ ಅವನ್ನು ತಡೆದರೆ ಆತಿಥೇಯನ ಆಟ ಪಟ್ಟಿಯಲ್ಲಿ ಕಂಡರೂ ಸೇರಲಾಗುವುದಿಲ್ಲ. ಆಟಕ್ಕೆ ಮಾತ್ರ ಅನುಮತಿ ಕೊಡಿ. ಫೈರ್‌ವಾಲನ್ನೇ ಆರಿಸಿ, ಇಲ್ಲವೇ ರೂಟರ್‌ನಲ್ಲಿ ಕಂಪ್ಯೂಟರನ್ನು ಪೂರ್ತಿ ಬಯಲಿಗೆ ತೆರೆದಿಟ್ಟು ಮರೆತುಬಿಡುವ ಅಭ್ಯಾಸ ಅಪಾಯಕಾರಿ.

ಲಕ್ಷಣ: ‘ಔಟ್ ಆಫ್ ಸಿಂಕ್’ ಎಂದು ತೋರಿಸಿ ಆಟ ನಿಲ್ಲುತ್ತದೆ

ಎಲ್ಲ ಯಂತ್ರಗಳೂ ಒಂದೇ ಲೆಕ್ಕಕ್ಕೆ ಒಂದೇ ಉತ್ತರ ಪಡೆಯಲೇಬೇಕು. ಅವು ಆಗಾಗ ತಮ್ಮ ಉತ್ತರಗಳ ಸಾರವನ್ನು ಹೋಲಿಸಿಕೊಳ್ಳುತ್ತವೆ. ಎಲ್ಲೋ ಒಂದು ಕಡೆ ವ್ಯತ್ಯಾಸ ಕಂಡರೆ ಮುಂದುವರಿಯುವಂತಿಲ್ಲ, ಏಕೆಂದರೆ ನಿಮ್ಮ ಪರದೆಯ ಯುದ್ಧ ಮತ್ತು ಗೆಳೆಯನ ಪರದೆಯ ಯುದ್ಧ ಆಗಲೇ ಬೇರೆಯಾಗಿವೆ. ಅದೇ ಎಂಜಿನಿಯರ್‌ಗಳು ಕೊಟ್ಟ ಉದಾಹರಣೆ ಬಹಳ ಚೆನ್ನಾಗಿದೆ: ನಕಾಶೆ ಹುಟ್ಟುವಾಗ ಒಂದು ಜಿಂಕೆ ಕೂದಲೆಳೆಯಷ್ಟು ಓರೆಯಾಗಿ ನಿಂತರೆ ಅದು ಮೇಯುವ ಜಾಗ ಬೇರೆಯಾಗುತ್ತದೆ, ನಿಮಿಷಗಳ ನಂತರ ಬೇಟೆಗಾರನ ಈಟಿ ಗುರಿ ತಪ್ಪುತ್ತದೆ, ಮಾಂಸ ಮನೆಗೆ ಬರುವುದಿಲ್ಲ. ಸಂದೇಶ ಕಾಣಿಸಿದ ಕ್ಷಣಕ್ಕೂ ತಪ್ಪು ನಡೆದ ಕ್ಷಣಕ್ಕೂ ಎಷ್ಟೋ ಅಂತರ ಇರಬಹುದೆಂದು ಇದರಿಂದ ತಿಳಿಯಬೇಕು. ‘ಆನೆಗಳನ್ನು ಕಳುಹಿಸಿದಾಗಲೇ ಆಯಿತು, ಆದ್ದರಿಂದ ಆನೆಯದೇ ದೋಷ’ ಎಂಬ ತರ್ಕ ಇಲ್ಲಿ ನಿಲ್ಲುವುದಿಲ್ಲ.

ಮೊದಲ ಪರೀಕ್ಷೆ: ಎಲ್ಲರ ಆಟದ ಆವೃತ್ತಿಯ ಸಂಖ್ಯೆ ಒಂದೇ ಇದೆಯೇ? ಎರಡನೆಯದು: ಯಾರಾದರೂ ಆಟದ ಅಂಕಿಅಂಶಗಳನ್ನು ಬದಲಿಸುವ ಮಾಡ್ ಹಾಕಿದ್ದಾರೆಯೇ? ಮರಗಳನ್ನು ಚಿಕ್ಕದಾಗಿ ತೋರಿಸುವ, ಬಣ್ಣ ಬದಲಿಸುವ ಮಾಡ್‌ಗಳು ಸಾಮಾನ್ಯವಾಗಿ ನಿರುಪದ್ರವಿಗಳು. ಸೈನಿಕನ ಬಲ, ಬೆಲೆ, ವೇಗ ಬದಲಿಸುವವು ಎಲ್ಲರಲ್ಲೂ ಒಂದೇ ಇರಬೇಕು. ಗೊಂದಲವಿದ್ದರೆ ಎಲ್ಲರೂ ಎಲ್ಲ ಮಾಡ್‌ಗಳನ್ನೂ ತೆಗೆದು ಒಂದು ಪಂದ್ಯ ಆಡಲಿ. ಮೂರನೆಯದು: ಎಲ್ಲರೂ ಫೈಲ್ ತಪಾಸಣೆ ಮಾಡಲಿ.

ಇಷ್ಟಾದರೂ ಬಿಡದಿದ್ದರೆ ಯಾರ ಯಂತ್ರವೆಂದು ಸೋಸಬೇಕು. ಇಬ್ಬರು ಆಡಿ, ಆಮೇಲೆ ಮೂರನೆಯವರನ್ನು ಸೇರಿಸಿ, ಹೀಗೆ ಒಬ್ಬೊಬ್ಬರಾಗಿ. ನಮ್ಮ ಗುಂಪಿನಲ್ಲಿ ಒಬ್ಬ ಗೆಳೆಯ ಸೇರಿದ ಪಂದ್ಯಗಳು ಮಾತ್ರ ಮುರಿದುಬೀಳುತ್ತಿದ್ದವು. ಅವನ ಕಂಪ್ಯೂಟರ್‌ನಲ್ಲಿ ಬೇರೆ ಯಾವ ತೊಂದರೆಯೂ ಕಾಣದಿದ್ದುದರಿಂದ ಬಹಳ ದಿನ ಜಾಲವನ್ನೇ ಬೈದೆವು. ಕೊನೆಗೆ ವಿಂಡೋಸ್‌ನೊಂದಿಗೇ ಬರುವ ಮೆಮೊರಿ ಪರೀಕ್ಷೆಯನ್ನು ಓಡಿಸಿದಾಗ ಅವನ ರ‍್ಯಾಮ್ ಪಟ್ಟಿಯೊಂದು ಕೆಟ್ಟಿದ್ದು ಕಂಡಿತು. ಸಿನಿಮಾ ನೋಡುವಾಗ ಒಂದು ಅಂಕಿ ತಪ್ಪಿದರೆ ಒಂದು ಚುಕ್ಕೆಯ ಬಣ್ಣ ಬೇರೆಯಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಈ ಆಟದಲ್ಲಿ ಒಂದು ಅಂಕಿ ತಪ್ಪಿದರೆ ಸಾಮ್ರಾಜ್ಯಗಳು ಎರಡು ದಾರಿ ಹಿಡಿಯುತ್ತವೆ. ರ‍್ಯಾಮ್ ವೇಗವನ್ನು ತಯಾರಕರ ಮೂಲ ಮಟ್ಟಕ್ಕಿಂತ ಏರಿಸಿದ್ದರೆ ಮೊದಲು ಇಳಿಸಿ ನೋಡಿ, ಅದಕ್ಕೆ ಖರ್ಚಿಲ್ಲ.

ಲಕ್ಷಣ: ಹಳೆಯ ಪಂದ್ಯದ ದಾಖಲೆ ನೋಡಿದರೆ ಅರ್ಥವಿಲ್ಲದಂತೆ ನಡೆಯುತ್ತದೆ

ಪಂದ್ಯದ ದಾಖಲೆಯಲ್ಲಿ ಚಿತ್ರಗಳಿಲ್ಲ, ಆಜ್ಞೆಗಳು ಮಾತ್ರ ಇವೆ. ನೋಡುವಾಗ ಆಟ ಇಡೀ ಯುದ್ಧವನ್ನು ಮತ್ತೆ ಲೆಕ್ಕ ಹಾಕುತ್ತದೆ. ಈ ನಡುವೆ ಬಂದ ಪ್ಯಾಚ್ (ಆಟದ ತಿದ್ದುಪಡಿ ಅಪ್‌ಡೇಟ್) ಕುದುರೆ ಸವಾರನ ಬಲವನ್ನು ಸ್ವಲ್ಪ ಬದಲಿಸಿದ್ದರೂ ಅದೇ ಆಜ್ಞೆಗಳು ಬೇರೆ ಯುದ್ಧವನ್ನು ಹುಟ್ಟಿಸುತ್ತವೆ. ನೀವು ಗೆದ್ದ ಪಂದ್ಯದಲ್ಲಿ ನಿಮ್ಮ ಹಳ್ಳಿಗರು ಗೋಡೆಗೆ ತಲೆ ಚಚ್ಚಿಕೊಳ್ಳುತ್ತ ನಿಂತಿರುವುದು ಕಂಡರೆ ಫೈಲ್ ಕೆಟ್ಟಿಲ್ಲ, ಕಾಲ ಮೀರಿದೆ. ನೆನಪಿಗೆ ಬೇಕಾದ ಪಂದ್ಯವನ್ನು ಪ್ಯಾಚ್ ಬರುವ ಮೊದಲೇ ವಿಡಿಯೋ ಮಾಡಿಟ್ಟುಕೊಳ್ಳುವುದೇ ದಾರಿ.

ಲಕ್ಷಣ: ಆಟದ ನಡುವೆ ಕ್ರ್ಯಾಶ್, ಅಥವಾ ಕಂಪ್ಯೂಟರೇ ಆರಿಹೋಗುತ್ತದೆ

ಆಟ ಮಾತ್ರ ಮುಚ್ಚಿಕೊಂಡು ವಿಂಡೋಸ್ ಉಳಿದರೆ ಮೇಲೆ ಹೇಳಿದ ಫೈಲ್ ತಪಾಸಣೆ, ಮಾಡ್, ಡ್ರೈವರ್ ಕ್ರಮವನ್ನೇ ಅನುಸರಿಸಿ. ಉಳಿಸಿಟ್ಟ ಅದೇ ಆಟವನ್ನು ತೆರೆದಾಗ ಅದೇ ಜಾಗದಲ್ಲಿ ಮುಚ್ಚಿಕೊಂಡರೆ ಆಟದ ದೋಷ. ಒಂದೊಂದು ಸಲ ಒಂದೊಂದು ಜಾಗದಲ್ಲಾದರೆ ಯಂತ್ರದ ದೋಷ ಎಂದು ಭಾವಿಸಿ ಮುಂದುವರಿಯಬಹುದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಶಕ್ತಿಶಾಲಿ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಅಗತ್ಯಕ್ಕಿಂತ ಏರಿ ಅಸ್ಥಿರತೆ ಬರುತ್ತಿತ್ತೆಂದು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ಆಗಸ್ಟ್‌ನಿಂದ ಮೈಕ್ರೋಕೋಡ್ (ಪ್ರೊಸೆಸರ್‌ನೊಳಗಿನ ತಂತ್ರಾಂಶ) ಅಪ್‌ಡೇಟ್ ಕೊಟ್ಟಿತು. ಅಂಥ ಯಂತ್ರವಿದ್ದರೆ ಅದನ್ನು ಪಡೆಯಲು ಮದರ್‌ಬೋರ್ಡ್ ತಯಾರಕರ ಹೊಸ ಬಯೋಸ್ (ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶ) ಹಾಕಬೇಕು. ಹಾಕುತ್ತಿರುವಾಗ ವಿದ್ಯುತ್ ಹೋದರೆ ಬೋರ್ಡ್ ಏಳದೇ ಹೋಗಬಹುದಾದ್ದರಿಂದ ಯುಪಿಎಸ್ ಇಲ್ಲದೆ, ಅಭ್ಯಾಸವಿಲ್ಲದೆ ಕೈಹಾಕಬೇಡಿ. ಆಗಲೇ ಹಾನಿಯಾಗಿರುವ ಚಿಪ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ, ವಾರಂಟಿಯಲ್ಲಿ ಬದಲಿಸಿಕೊಳ್ಳಬೇಕು.

ಯಂತ್ರವೇ ಥಟ್ಟನೆ ಆರಿದರೆ ಒಂದೋ ಬಿಸಿ, ಇಲ್ಲವೇ ಪವರ್ ಸಪ್ಲೈ. ಇನ್ನೊಂದು ಭಾರವಾದ ಆಟದಲ್ಲೂ ಹೀಗೇ ಆದರೆ ಏಜ್ ಆಫ್ ಎಂಪೈರ್ಸ್‌ಗೂ ಇದಕ್ಕೂ ಸಂಬಂಧವಿಲ್ಲ. ಪವರ್ ಸಪ್ಲೈ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು, ಪ್ಲಗ್ ತೆಗೆದ ಮೇಲೂ ಒಳಗೆ ಪ್ರಾಣಾಪಾಯದ ವಿದ್ಯುತ್ ಉಳಿದಿರುತ್ತದೆ. ಸುಟ್ಟ ವಾಸನೆ ಬಂದರೆ, ಲ್ಯಾಪ್‌ಟಾಪ್‌ನ ತಳ ಅಥವಾ ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ, ಅಲ್ಲಿಗೆ ನಿಲ್ಲಿಸಿ ಚಾರ್ಜರ್ ಕಿತ್ತು ರಿಪೇರಿ ಮಾಡುವವರಿಗೆ ಒಪ್ಪಿಸಿ. ಉಬ್ಬಿದ ಬ್ಯಾಟರಿಯನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಬೆಂಕಿಗೆ ದಾರಿ.

ತಂತ್ರಾಂಶದ ದೋಷಕ್ಕೆ ಆಟದ ಅಧಿಕೃತ ಸಹಾಯ ವಿಭಾಗಕ್ಕೆ ಬರೆಯುವಾಗ ಆವೃತ್ತಿಯ ಪೂರ್ತಿ ಸಂಖ್ಯೆ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ನ ಹೆಸರು, ಡ್ರೈವರ್‌ನ ದಿನಾಂಕ, ದೋಷ ಕಂಡ ಆಟದ ಗಡಿಯಾರದ ಸಮಯ ಇವನ್ನು ಕೊಡಿ. ಆಟದ ಫೋಲ್ಡರ್‌ನಲ್ಲಿರುವ, ಆಟ ತಾನು ಮಾಡಿದ್ದನ್ನು ಬರೆದಿಡುವ ಲಾಗ್ ಫೈಲನ್ನು ದೋಷ ಕಂಡ ಕೂಡಲೇ, ಆಟವನ್ನು ಮತ್ತೆ ತೆರೆಯುವ ಮೊದಲೇ, ನಕಲು ಮಾಡಿಟ್ಟುಕೊಳ್ಳಿ. ಔಟ್ ಆಫ್ ಸಿಂಕ್ ದೂರಾಗಿದ್ದರೆ ಒಬ್ಬರ ಲಾಗ್ ಸಾಲದು, ಆ ಪಂದ್ಯದಲ್ಲಿದ್ದ ಎಲ್ಲರ ಲಾಗ್‌ಗಳೂ ಬೇಕು. ಲಾಗ್‌ನಲ್ಲಿ ನಿಮ್ಮ ವಿಂಡೋಸ್ ಬಳಕೆದಾರರ ಹೆಸರು ಇರುವುದರಿಂದ ಅದನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕದೆ ನೇರವಾಗಿ ಸಹಾಯ ವಿಭಾಗಕ್ಕೇ ಕಳುಹಿಸಿ.